ಮೂರು ಮೆಟ್ಟಿಲು, ಒಂದು ಹೊಸಿಲು: ಒಂದು ಪಂಚಾಯಿತಿ ಕಚೇರಿಯ ಪ್ರಕರಣ

ಇದು ಚಿಕ್ಕಬಳ್ಳಾಪುರ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಕಚೇರಿಯ ವಿಷಯ. ಊರಿನ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿರುವವರಿಗೆ ಬೇಜಾರು. ಅಲ್ಲದೆ ಇದು ಅದೊಂದೇ ಊರಿನ ಕಥೆಯೂ ಅಲ್ಲ. ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕುವ ಊರುಗಳಲ್ಲಿ ಒಂದು ಅಂದುಕೊಳ್ಳಿ, ಸಾಕು. ಮನೆಯಲ್ಲಿ ತೆಲುಗು, ಕಚೇರಿಯಲ್ಲಿ ಕನ್ನಡ, ಜಗಳಕ್ಕೆ ಎರಡೂ.

ನಾನು ಅಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಎಲ್ಲರೂ ಕರೆಯುವುದು ವಿಆರ್‌ಡಬ್ಲ್ಯೂ ಅಂತ. ಗೌರವಧನ ವಿಕಲಚೇತನರ ಇಲಾಖೆಯದು, ಕೂರುವ ಕುರ್ಚಿ ಪಂಚಾಯಿತಿಯದು. ಯುಡಿಐಡಿ ಕಾರ್ಡು (ವಿಕಲಚೇತನರ ಗುರುತಿನ ಚೀಟಿ), ಪಿಂಚಣಿ, ಬಸ್ ಪಾಸು, ಸಲಕರಣೆ ಅರ್ಜಿ, ಇವೇ ನನ್ನ ಕೆಲಸ. ನನಗೂ ಎಡಗಾಲಿಗೆ ಪೋಲಿಯೊ. ಮಂಡಿ ಮೇಲೆ ಕೈ ಊರಿಕೊಂಡು ನಡೆಯುತ್ತೇನೆ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಈ ಪ್ರಕರಣದಲ್ಲಿ ಮೊದಲ ತಪ್ಪು ನನ್ನದೇ. ಆ ಕಚೇರಿಗೆ ಮೂರು ಮೆಟ್ಟಿಲು. ಎಂಟು ವರ್ಷ ಅವನ್ನು ಹತ್ತಿ ಇಳಿದಿದ್ದೇನೆ. ಪಕ್ಕದಲ್ಲೇ ರ‍್ಯಾಂಪ್ ಇತ್ತು. ಒಂದು ದಿನವೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಯಾಕೆ ಇಡುತ್ತಿಲ್ಲ ಅಂತ ಯೋಚನೆಯೂ ಬಂದಿರಲಿಲ್ಲ.

ಖಾತೆ ಬದಲಾವಣೆಗೆ ನಾಲ್ಕು ಸಲ

ಇಲ್ಲಿ ಬರುವ ಹೆಂಗಸನ್ನು ಅಕ್ಕ ಅಂತಲೇ ಬರೆಯುತ್ತೇನೆ. ನಾನು ಕರೆಯುವುದೂ ಹಾಗೇ. ವಯಸ್ಸು 40ರ ಆಸುಪಾಸು. ಹಲವು ವರ್ಷದ ಹಿಂದೆ ಹುಳುಮನೆಯಲ್ಲಿ ಚಂದ್ರಿಕೆ, ಅಂದರೆ ರೇಷ್ಮೆ ಹುಳು ಗೂಡು ಕಟ್ಟುವ ತಟ್ಟೆ, ಇಳಿಸಲು ಅಟ್ಟ ಹತ್ತಿದ್ದಾಗ ಕಾಲು ಜಾರಿ ಬಿದ್ದರು. ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ವೀಲ್‌ಚೇರ್ ಇದೆ. ಮನೆಯಲ್ಲಿ ಹೂ ಕಟ್ಟಿ ಕೊಡುತ್ತಾರೆ. ಲೆಕ್ಕದಲ್ಲಿ ಬಲು ಚುರುಕು, ಹೂವಿನವನು ಒಂದು ಮೊಳ ತಪ್ಪು ಹೇಳಿದರೂ ಬಿಡುವವರಲ್ಲ.

ಅವರ ತಂದೆ ತೀರಿಕೊಂಡರು. ವಾಸದ ಮನೆ ಮಗಳಿಗೆ ಅಂತ ವಿಲ್ ಬರೆದಿಟ್ಟಿದ್ದರು. ಖಾತೆ ಬದಲಾಯಿಸಿ, ಪಂಚಾಯಿತಿ ಆಸ್ತಿಗಳ ದಾಖಲೆ ಇಡುವ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11 ಅನ್ನುವ ಆಸ್ತಿ ಪತ್ರ ತೆಗೆಸಬೇಕಿತ್ತು. ಅದು ಪಂಚಾಯಿತಿಯ ಕೆಲಸ. ಅದಕ್ಕೆ ಅಕ್ಕ ನಾಲ್ಕು ಸಲ ಆಟೋ ಮಾಡಿಕೊಂಡು ಬಂದರು.

ಮೊದಲ ದಿನ ಆಟೋ ನಿಂತದ್ದೇ ತಡ, ಜನ ಓಡಿ ಬಂದರು. ನೀರುಗಂಟಿ, ಬಿಲ್ ಕಲೆಕ್ಟರ್, ಗೇಟಿನ ಹತ್ತಿರ ಟೀ ಕುಡಿಯುತ್ತಿದ್ದ ಇಬ್ಬರು. "ಎತ್ತಿ ಒಳಗೆ ಬಿಡ್ತೀವಿ ಬಾರಮ್ಮ" ಅಂದರು. ನಾಲ್ವರೂ ಕುರ್ಚಿ ಸಮೇತ ಎತ್ತಿದರು. ಸೀರೆ ಒಂದು ಕಡೆ ಸರಿಯಿತು. ಮೂತ್ರದ ಪೈಪು ಯಾರದೋ ಕೈಗೆ ಸಿಕ್ಕಿ ಎಳೆಯಿತು. ಅಕ್ಕ ತುಟಿ ಕಚ್ಚಿಕೊಂಡು ಸುಮ್ಮನಾದರು. ಅಷ್ಟು ಗಂಡಸರ ಮಧ್ಯೆ ಏನಂತ ಹೇಳುತ್ತಾರೆ? ನಾನೂ ಅಲ್ಲೇ ನಿಂತಿದ್ದೆ. ನಿಜ ಹೇಳಬೇಕೆಂದರೆ, ನಮ್ಮೂರಿನವರು ಎಷ್ಟು ಒಳ್ಳೆಯವರು ಅಂತ ಖುಷಿಯೂ ಪಟ್ಟೆ.

ಎರಡನೇ ಸಲ ಎತ್ತಲು ಇಬ್ಬರೇ ಇದ್ದರು. ಕುರ್ಚಿ ವಾಲಿತು. ಬೀಳಲಿಲ್ಲ, ಅಷ್ಟೇ. ಮೂರನೇ ಸಲ ಅಕ್ಕ ಆಟೋದಿಂದ ಇಳಿಯಲೇ ಇಲ್ಲ. "ಅಲ್ಲೇ ಕೂತಿರಮ್ಮ, ಪೇಪರ್ ತಂದು ಕೊಡ್ತೀವಿ" ಅಂದರು ಒಳಗಿನವರು. ಇದೂ ಒಳ್ಳೆಯ ಮನಸ್ಸಿನಿಂದಲೇ. ಅಕ್ಕನ ಅಣ್ಣ ಒಳಗೆ ಹೋಗಿ ಮಾತಾಡಿ ಬಂದರು. ಅಕ್ಕ ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದರು.

ನಾಲ್ಕನೇ ಸಲ ಬಂದಾಗ ಕೈಗೆ ಸಿಕ್ಕಿದ ನೋಟಿಸಿನ ಪ್ರತಿಯಲ್ಲಿ ಇಬ್ಬರ ಹೆಸರಿತ್ತು. ಅಣ್ಣನದು ಮೊದಲು, ಅಕ್ಕನದು ಆಮೇಲೆ. ಅಣ್ಣ ಮೋಸ ಮಾಡಿದರು ಅಂತ ನಾನು ಹೇಳಲಾರೆ. "ಮನೆಯ ಗಂಡಸು ಯಾರು?" ಅಂತ ಒಳಗೆ ಯಾರೋ ಕೇಳಿದ್ದಾರೆ, ಇವರು ತಮ್ಮ ಹೆಸರು ಹೇಳಿದ್ದಾರೆ, ಅವರು ಬರೆದುಕೊಂಡಿದ್ದಾರೆ. ವಿಲ್ ಪುಟ ತಿರುಗಿಸಿ ನೋಡಿದವರಿಲ್ಲ. ನೋಡಿ ಅಂತ ಹೇಳಬೇಕಾದವರು ಆಟೋದಲ್ಲಿ ಕೂತಿದ್ದರು.

"ನಾನು ಒಳಗೆ ಇದ್ದಿದ್ರೆ ಹಿಂಗಾಗ್ತಿತ್ತೇನಪ್ಪಾ?" ಅಂತ ಅಕ್ಕ ಕೇಳಿದರು.

ತಕರಾರು ಹಾಕುವ ಅವಧಿ ಇನ್ನೂ ಮುಗಿದಿರಲಿಲ್ಲ. ಅರ್ಜಿ ಬರೆಯೋಣ ಅಕ್ಕಾ, ಅದೆಲ್ಲ ಸರಿಹೋಗುತ್ತೆ ಅಂದೆ. "ಅರ್ಜಿ ನೀನು ಬರಿ. ಮೊದಲು ನಾನು ಒಳಗೆ ಬರೋ ದಾರಿ ಹೇಳು" ಅಂದರು. ಅವತ್ತೇ ಮೊದಲ ಸಲ ನಾನು ಆ ರ‍್ಯಾಂಪ್ ಕಡೆ ತಿರುಗಿ ನೋಡಿದ್ದು.

ಇದ್ದೂ ಇಲ್ಲದ ರ‍್ಯಾಂಪ್

ಅದು ಯಾವುದೋ ಚುನಾವಣೆಗೆ ಮುಂಚೆ ಅವಸರದಲ್ಲಿ ಕಟ್ಟಿದ್ದು. ಟೇಪು ಹಿಡಿದು ಅಳೆದೆವು. ನೆಲದಿಂದ ವರಾಂಡದ ಎತ್ತರ 18 ಇಂಚು. ರ‍್ಯಾಂಪಿನ ಉದ್ದ 6 ಅಡಿ. ಒಂದು ಅಡಿ ಏರಲು ನಾಲ್ಕೇ ಅಡಿ ಉದ್ದ. ಕೇಂದ್ರ ಸರಕಾರದ 2021ರ ಮಾರ್ಗಸೂಚಿ ಪ್ರಕಾರ ಒಂದು ಅಡಿ ಏರಿಗೆ ಕಡಿಮೆ ಅಂದರೂ 12 ಅಡಿ ಉದ್ದ ಬೇಕು. ಈ ಲೆಕ್ಕದಲ್ಲಿ 18 ಇಂಚಿಗೆ 18 ಅಡಿ ಉದ್ದದ ರ‍್ಯಾಂಪ್ ಆಗಬೇಕಿತ್ತು. ಮೂರನೇ ಒಂದು ಭಾಗಕ್ಕೇ ಮುಗಿಸಿದ್ದರು. ಅದರ ಮೇಲೆ ವೀಲ್‌ಚೇರ್ ಹತ್ತಿಸಿದರೆ ಮುಂದಿನ ಚಕ್ರ ಮೇಲೆದ್ದು ಕುರ್ಚಿ ಹಿಂದಕ್ಕೆ ಮಗುಚುತ್ತದೆ. ಹಿಡಿಕಂಬಿ ಇಲ್ಲ. ಮೇಲೆ ಮಿರಿಮಿರಿ ಹೊಳೆಯುವ ಟೈಲ್ಸ್. ಮಳೆ ಬಂದರೆ ನಾಯಿಯೂ ಜಾರುತ್ತದೆ.

ಆದರೆ ಅದು ನಿರುಪಯೋಗಿ ಆಗಿರಲಿಲ್ಲ. ಬಿಸಿಲು ಜಾಸ್ತಿಯಾದರೆ ಸಿಬ್ಬಂದಿಯ ಸ್ಕೂಟರುಗಳು ಅದರ ಮೇಲೆಯೇ ವರಾಂಡಕ್ಕೆ ಏರುತ್ತಿದ್ದವು.

ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಅಂದರೆ ಪಿಡಿಒ ಮೇಡಂ ಹತ್ತಿರ ಹೋದೆವು. ಅವರು ಒಂದು ಹಳೆಯ ವರದಿ ತೆಗೆದು ತೋರಿಸಿದರು. "ರ‍್ಯಾಂಪ್ ಇದೆಯೇ?" ಅನ್ನುವ ಪ್ರಶ್ನೆ, ಮುಂದೆ ಹೌದು, ಇಲ್ಲ ಅಂತ ಎರಡು ಚೌಕ. ಹೌದು ಅನ್ನುವುದಕ್ಕೆ ಗುರುತು ಹಾಕಿತ್ತು. ಸುಳ್ಳು ಅನ್ನುವಂತಿಲ್ಲ, ಅಲ್ವಾ? ಇಳಿಜಾರು ಎಷ್ಟು, ಯಾರಾದರೂ ಹತ್ತಿ ನೋಡಿದ್ದಾರಾ ಅಂತ ಆ ನಮೂನೆ ಕೇಳಿಯೇ ಇಲ್ಲ.

"ಅಳತೆಯೆಲ್ಲ ಮಾರ್ಗಸೂಚಿ ಅಷ್ಟೇ ಕಣ್ರೀ, ಕಡ್ಡಾಯ ಏನಲ್ಲ" ಅಂದರು ಮೇಡಂ. ಇದು ಅವರೊಬ್ಬರ ಮಾತಲ್ಲ, ಬಹಳ ವರ್ಷ ದೇಶದಲ್ಲೆಲ್ಲ ನಡೆದ ಮಾತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 45ನೇ ಕಲಮು, ಇರುವ ಸಾರ್ವಜನಿಕ ಕಟ್ಟಡಗಳನ್ನೆಲ್ಲ ನಿಯಮ ಬಂದ ಐದು ವರ್ಷದೊಳಗೆ ಸರಿಪಡಿಸಿ ಅನ್ನುತ್ತದೆ. ನಿಯಮ ಬಂದದ್ದು 2017ರ ಜೂನ್‌ನಲ್ಲಿ. ಗಡುವು 2022ರಲ್ಲೇ ಮುಗಿಯಿತು. ಆದರೆ ಆ ನಿಯಮಗಳ 15ನೇ ನಿಯಮ ಅಳತೆಗಳಿಗೆಲ್ಲ ಒಂದಿಷ್ಟು ಮಾರ್ಗಸೂಚಿಗಳ ಕಡೆ ಕೈ ತೋರಿಸಿ ಸುಮ್ಮನಾಗಿತ್ತು. ಕಣ್ಣು ಕಾಣದ ರಾಜೀವ್ ರತೂರಿ 2005ರಲ್ಲಿ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್ 8ರಂದು ಆ ನಿಯಮವನ್ನೇ ತೆಗೆದುಹಾಕಿತು. ಕಾಯ್ದೆ ಕಡ್ಡಾಯ ಅಂದದ್ದನ್ನು ನಿಯಮ ಐಚ್ಛಿಕ ಮಾಡುವಂತಿಲ್ಲ, ಮೂರು ತಿಂಗಳೊಳಗೆ ಕಡ್ಡಾಯವಾಗಿ ಪಾಲಿಸಬೇಕಾದ ಮಾನದಂಡ ಬೇರೆ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಆ ತೀರ್ಪಿನ ಸುದ್ದಿಯನ್ನು ಪ್ರಿಂಟ್ ಹಾಕಿಸಿ ನಮ್ಮ ಅರ್ಜಿಗೆ ಪಿನ್ ಮಾಡಿದೆವು. 89ನೇ ಕಲಮಿನ ದಂಡದ ಸಾಲನ್ನೂ ಬರೆದೆವು. ಮೊದಲ ಸಲಕ್ಕೆ 10,000 ರೂಪಾಯಿವರೆಗೆ, ಮತ್ತೆ ತಪ್ಪಿದರೆ 50,000ದಿಂದ 5 ಲಕ್ಷದವರೆಗೆ.

ಮೇಡಂ ಮನಸ್ಸು ಬದಲಾದದ್ದು ದಂಡದ ಭಯಕ್ಕೆ ಅಂತ ನನಗೆ ಅನ್ನಿಸುವುದಿಲ್ಲ. ಅಕ್ಕ ಅವತ್ತು ಆಟೋದಿಂದಲೇ ಒಂದು ಮಾತು ಕೇಳಿದ್ದರು. "ಮೇಡಂ, ನಿಮ್ಮನ್ನ ದಿನಾ ನಾಲ್ಕು ಜನ ಗಂಡಸರು ಎತ್ತಿ ಸೀಟಲ್ಲಿ ಕೂರಿಸಿದ್ರೆ ನೀವು ಡ್ಯೂಟಿಗೆ ಬರ್ತೀರಾ?" ಮೇಡಂ ಉತ್ತರ ಕೊಡಲಿಲ್ಲ. ಮಾರನೇ ದಿನ ವಿಷಯವನ್ನು ಸಾಮಾನ್ಯ ಸಭೆಯ ಪಟ್ಟಿಗೆ ಸೇರಿಸಿದರು.

ನನ್ನ ತಲೆಯಲ್ಲಿ ಆ ಮಾತು ಇನ್ನೂ ಕೂತಿದೆ. ಇಷ್ಟು ವರ್ಷ ಆ ಕೆಟ್ಟ ರ‍್ಯಾಂಪ್ ಹಾಗೇ ಉಳಿದದ್ದು ಯಾರೂ ಕೆಟ್ಟವರಾಗಿದ್ದರಿಂದ ಅಲ್ಲ. ಎತ್ತಲು ಕೈಗಳು ಇದ್ದವು, ಅದಕ್ಕೇ. ಎತ್ತುವವರು ಸಿಗದಿದ್ದರೆ ಯಾರಾದರೂ ಮೊದಲೇ ಕೂಗಾಡುತ್ತಿದ್ದರೋ ಏನೋ.

ದುಡ್ಡು ಯಾರದು, ಕಲ್ಲು ಯಾರದು

ಸಭೆಯಲ್ಲಿ ಮೊದಲು ಬಂದ ಮಾತು ದುಡ್ಡಿನದು. ಪಂಚಾಯಿತಿಯ ಸ್ವಂತ ಆದಾಯದಲ್ಲಿ ಶೇ 5 ವಿಕಲಚೇತನರಿಗೆ ಮೀಸಲು. ಒಬ್ಬ ಹಿರಿಯ ಸದಸ್ಯರು, "ನಿಮ್ಮ ಐದು ಪರ್ಸೆಂಟಲ್ಲೇ ಕಟ್ಟಿಸ್ಕೊಳ್ಳಿ" ಅಂದರು. ಕೇಳಲು ಸರಿ ಅನ್ನಿಸುತ್ತದೆ. ನಾನು ಒಪ್ಪಲಿಲ್ಲ. ಆ ದುಡ್ಡು ಊರುಗೋಲು, ಔಷಧಿ, ಕಿವಿಯ ಮೆಷಿನ್ನು ಹೀಗೆ ಆಯಾ ವ್ಯಕ್ತಿಗೆ ಬೇಕಾದ್ದಕ್ಕೆ. ಕಚೇರಿ ಕಟ್ಟಡ ಪಂಚಾಯಿತಿಯದು. ಮೆಟ್ಟಿಲು ಕಟ್ಟುವಾಗ ನಡೆಯುವವರ ಹತ್ತಿರ ಬೇರೆ ದುಡ್ಡು ಕೇಳಿದ್ದರಾ? ಮಾತು ಸ್ವಲ್ಪ ಜೋರಾಯಿತು. ಕೊನೆಗೆ 15ನೇ ಹಣಕಾಸು ಆಯೋಗದ ಅನಿರ್ಬಂಧಿತ (ಇಂಥದ್ದಕ್ಕೇ ಅಂತ ಕಟ್ಟಿಹಾಕದ) ಅನುದಾನದಲ್ಲಿ ಕ್ರಿಯಾ ಯೋಜನೆಗೆ ಸೇರಿಸುವುದು ಅಂತ ಆಯಿತು. ಮೊತ್ತ ದೊಡ್ಡದೇನಲ್ಲ. ಹಿಂದಿನ ವರ್ಷ ಕಾಂಪೌಂಡಿಗೆ ಬಣ್ಣ, ಗೇಟಿಗೆ ಕಮಾನು ಅಂತ ಅದಕ್ಕಿಂತ ಜಾಸ್ತಿ ಖರ್ಚಾಗಿತ್ತು.

ನಿಜವಾದ ತೊಡಕು ಬೇರೆ ಇತ್ತು. 18 ಅಡಿ ರ‍್ಯಾಂಪನ್ನು ಗೇಟಿನ ಕಡೆ ನೇರ ಇಳಿಸಿದರೆ ಜಾಗ ಸಾಲದು. ಮುಂದಿನ ಗೋಡೆಗೆ ಒರಗಿಸಿಕೊಂಡು ಅಡ್ಡಡ್ಡ ತರಬೇಕು. ಬಾಗಿಲಿನಿಂದ ಎಡಕ್ಕೆ 24 ಅಡಿ ಗೋಡೆ ಇದೆ. ರ‍್ಯಾಂಪಿಗೆ 18, ಮೇಲೆ ಕುರ್ಚಿ ತಿರುಗಿಸಲು 5 ಅಡಿ ಸಮತಟ್ಟು. ಸರಿಯಾಗಿ ಹಿಡಿಸುತ್ತದೆ. ಆದರೆ ಅದೇ ಗೋಡೆಯ ಮಧ್ಯೆ ಕಟ್ಟಡದ ಉದ್ಘಾಟನೆಯ ಶಿಲಾಫಲಕ, ಅದರ ಮುಂದೆ ಒಂದು ಪುಟ್ಟ ಕಟ್ಟೆ. ಕಪ್ಪು ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಹದಿನೈದು ಹೆಸರು.

ದುಡ್ಡು ಕೊಡಲು ಸಿದ್ಧರಾದವರು ಕಲ್ಲು ಅಲುಗಿಸಲು ಸಿದ್ಧರಿರಲಿಲ್ಲ. ಕಲ್ಲು ತೆಗೆದರೆ ಆ ಪಾರ್ಟಿಯವರು ಏನಂತಾರೆ, ತೆಗೆಯದಿದ್ದರೆ ಈ ಪಾರ್ಟಿಯವರು ಏನಂತಾರೆ. ಎರಡು ತಿಂಗಳು ಹೀಗೇ ಹೋಯಿತು. ಒಬ್ಬರಂತೂ ರ‍್ಯಾಂಪನ್ನೇ ಕಲ್ಲಿನ ಸುತ್ತ ಬಳಸಿ ಒಯ್ಯಬಹುದಲ್ಲಾ ಅಂತ ಕಾಗದದ ಮೇಲೆ ಹಾವಿನ ಹಾಗೆ ಗೆರೆ ಎಳೆದು ತೋರಿಸಿದರು. ಕೊನೆಗೆ ಆ ಹದಿನೈದು ಹೆಸರಲ್ಲಿ ಒಬ್ಬರಾದ ಮಾಜಿ ಅಧ್ಯಕ್ಷರೇ ಬಂದು, "ಬಾಗಿಲ ಬಲಗಡೆ ಹಾಕ್ರಪ್ಪ, ಅಲ್ಲಿ ಇನ್ನೂ ಚೆನ್ನಾಗಿ ಕಾಣ್ಸುತ್ತೆ" ಅಂದರು. ಅವರಿಗೂ ಈಗ ಮಂಡಿನೋವು. ಅದರಿಂದಲೇ ಹೇಳಿದರು ಅಂತ ನಾನು ಹೇಳುತ್ತಿಲ್ಲ.

ಕೆಲಸ ಶುರುವಾದ ಮೇಲೆ ಅಕ್ಕ ಹೇಳಿದ ಒಂದು ವಿಷಯ ಎಂಜಿನಿಯರಿಗೂ ಹೊಳೆದಿರಲಿಲ್ಲ. ಟೈಲ್ಸ್ ಬೇಡ ಅಂದದ್ದಕ್ಕೆ ಗುತ್ತಿಗೆದಾರ ಉಳಿ ಹೊಡೆದ ಚಪ್ಪಡಿ ಹಾಕುತ್ತೇನೆ ಅಂದ. ನಮ್ಮ ಕಡೆ ಕಲ್ಲಿಗೇನು ಬರ! ಜಾರುವುದಿಲ್ಲ, ಗಟ್ಟಿ, ನೋಡಲೂ ಚೆಂದ. ನಾನು ತಲೆಯಾಡಿಸಿದ್ದೆ. ನಾಲ್ಕು ಚಪ್ಪಡಿ ನೆಲದ ಮೇಲೆ ಜೋಡಿಸಿ ಅಕ್ಕನನ್ನು ಕರೆದೆವು. ಕುರ್ಚಿಯ ಮುಂದಿನ ಸಣ್ಣ ಚಕ್ರ ಸಂದಿನಲ್ಲಿ ಸಿಕ್ಕಿಕೊಂಡಿತು. ಮೈಯೆಲ್ಲ ಗಡಗಡ ಅಂತು. ಬೆನ್ನಿಗೆ ರಾಡ್ ಹಾಕಿಸಿಕೊಂಡವರಿಗೆ ಅದು ಸಣ್ಣ ನೋವಲ್ಲ. ಕೊನೆಗೆ ಸಿಮೆಂಟ್ ಹಾಕಿ, ಹಸಿ ಇರುವಾಗಲೇ ಪೊರಕೆ ಎಳೆದು ಗೆರೆ ಮೂಡಿಸಿದರು. ಅಗಲ 4 ಅಡಿ. ಚಕ್ರ ಅಂಚಿನಿಂದ ಜಾರದಂತೆ ಬದಿಗೆ ಸಣ್ಣ ದಿಣ್ಣೆ. ಹಿಡಿಕಂಬಿ ಎರಡು ಎತ್ತರದಲ್ಲಿ, ಒಂದು ಸುಮಾರು ಎರಡೂವರೆ ಅಡಿಗೆ, ಇನ್ನೊಂದು ಮೂರು ಅಡಿಗೆ ಸ್ವಲ್ಪ ಕೆಳಗೆ. ಕೂತವರಿಗೂ ನಿಂತವರಿಗೂ ಸಿಗಬೇಕಲ್ಲ. ಮೇಲಿನ ಕಂಬಿ ನನಗೆ. ಎಂಟು ವರ್ಷದ ಮೇಲೆ ಮಂಡಿಯಿಂದ ಕೈ ತೆಗೆದು ಆ ಕಚೇರಿ ಹತ್ತಿದೆ.

ಹೊಸಿಲಿನ ಪೂಜೆ

ರ‍್ಯಾಂಪ್ ಆಯಿತು, ಮುಗಿಯಿತು ಅಂದುಕೊಂಡಿದ್ದೆವು. ಅಕ್ಕ ಮೇಲೆ ಬಂದು ಬಾಗಿಲಲ್ಲಿ ನಿಂತರು. ಎರಡು ಹಲಗೆಯ ಬಾಗಿಲು. ಒಂದು ಹಲಗೆಗೆ ಸದಾ ಚಿಲಕ. ತೆರೆದ ಅರ್ಧದಲ್ಲಿ ಒಂದೂವರೆ ಅಡಿ ದಾರಿ. ಕುರ್ಚಿಯ ಅಗಲ ಎರಡು ಅಡಿಗೂ ಜಾಸ್ತಿ. ಕೆಳಗಿನ ಚಿಲಕಕ್ಕೆ ತುಕ್ಕು ಹಿಡಿದಿತ್ತು. ಸುತ್ತಿಗೆಯಲ್ಲಿ ನಾಲ್ಕು ಏಟು, ಒಂದು ಹನಿ ಎಣ್ಣೆ. ಇಡೀ ಪ್ರಕರಣದಲ್ಲಿ ಬೇಗ ಆದ ಕೆಲಸ ಇದೊಂದೇ.

ಹೊಸಿಲು ಮಾತ್ರ ಸೂಕ್ಷ್ಮ. ಎರಡೂವರೆ ಇಂಚಿನ ಕಲ್ಲಿನ ಹೊಸಿಲು. ಪ್ರತಿ ಶುಕ್ರವಾರ ಅಟೆಂಡರ್ ಅಮ್ಮ ಅದಕ್ಕೆ ಅರಿಸಿನ ಕುಂಕುಮ ಇಡುತ್ತಾರೆ. ಕಿತ್ತುಬಿಡೋಣ ಅಂದ ಮೇಸ್ತ್ರಿಗೆ ಅವರು ಬೈದರು. ಅಕ್ಕನೂ ಅವರ ಪರವೇ. "ಹೊಸಿಲು ಇರಲಿ ಬಿಡ್ರೋ, ಅದಕ್ಕೂ ಒಂದು ದಾರಿ ಮಾಡಿ" ಅಂದರು. ಎರಡೂ ಕಡೆ ಎರಡೂವರೆ ಅಡಿಯ ಸಣ್ಣ ಸಿಮೆಂಟ್ ಇಳಿಜಾರು ಕೊಟ್ಟರು. ಈಗ ಕುಂಕುಮದ ಮೇಲೆ ಚಕ್ರ ಹೋಗಬಾರದು ಅಂತ ಅಟೆಂಡರ್ ಅಮ್ಮ ಎರಡು ಬದಿಯಲ್ಲಿ ಮಾತ್ರ ಇಡುತ್ತಾರೆ, ನಡುವೆ ಬಿಡುತ್ತಾರೆ.

ಒಳಗೆ ಜನರ ಅರ್ಜಿ ತೆಗೆದುಕೊಳ್ಳುವ ಬಾಪೂಜಿ ಸೇವಾ ಕೇಂದ್ರದ ಕೌಂಟರು ನಾಲ್ಕು ಅಡಿ ಎತ್ತರ, ಮೇಲೆ ಗಾಜು, ಗಾಜಿನಲ್ಲಿ ಅಂಗೈಯಗಲದ ತೂತು. ಕುರ್ಚಿಯಲ್ಲಿ ಕೂತವರು ಆಪರೇಟರಿಗೆ ಕಾಣುವುದೇ ಇಲ್ಲ. ಕೌಂಟರು ಒಡೆಯಲಿಲ್ಲ. ಪಕ್ಕದಲ್ಲಿ ಎರಡೂವರೆ ಅಡಿ ಎತ್ತರದ ಒಂದು ಮೇಜು ಹಾಕಿದೆವು, ಕೆಳಗೆ ಮಂಡಿ ತೂರುವಂತೆ ಖಾಲಿ ಬಿಟ್ಟು. ಬೆರಳಚ್ಚಿನ ಮೆಷಿನ್ನಿನ ವೈರು ಅಲ್ಲಿಗೆ ತಲುಪುತ್ತಿರಲಿಲ್ಲ. ಉದ್ದದ ವೈರು ತರಲು ಹದಿನೈದು ದಿನ ಹಿಡಿಯಿತು. ಅದಕ್ಕೆ ಬಿಲ್ ಯಾವ ಲೆಕ್ಕದಲ್ಲಿ ಅಂತ ಗೊತ್ತಾಗಲಿಲ್ಲವಂತೆ.

ಖಾತೆಯ ತಕರಾರು ಅರ್ಜಿಯ ವಿಚಾರಣೆ ಆ ಮೇಜಿನ ಮುಂದೆಯೇ ನಡೆಯಿತು. ಅಕ್ಕ ವಿಲ್ ತೆಗೆದು, ಆ ಸಾಲಿನ ಮೇಲೆ ಬೆರಳಿಟ್ಟು ಓದಿ ಹೇಳಿದರು. ಅಣ್ಣ ಎದುರಲ್ಲೇ ಇದ್ದರು, ತಕರಾರು ಮಾಡಲಿಲ್ಲ. ಆಸ್ತಿ ಹೊಂದುವ ಹಕ್ಕು ವಿಕಲಚೇತನರಿಗೆ ಎಲ್ಲರಷ್ಟೇ ಇದೆ ಅಂತ ಕಾಯ್ದೆಯ 13ನೇ ಕಲಮಿನಲ್ಲಿದೆ. ಅದರ ಪ್ರತಿ ನನ್ನ ಜೇಬಲ್ಲಿತ್ತು. ತೆಗೆಯುವ ಸಂದರ್ಭವೇ ಬರಲಿಲ್ಲ. ಖಾತೆ ಅಕ್ಕನ ಒಬ್ಬರ ಹೆಸರಿಗೆ ಆಯಿತು.

ಕಾಣದವರು, ಕೇಳದವರು

ಅಕ್ಕನ ವಿಷಯ ಊರಲ್ಲಿ ಹರಡಿದ ಮೇಲೆ ಪದವಿ ಓದುವ ಒಬ್ಬ ಹುಡುಗ ಬಂದ. ಅವನಿಗೆ ಕಣ್ಣು ಕಾಣುವುದಿಲ್ಲ. ಫೋನಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಎಲ್ಲವನ್ನೂ ಓದಿಸಿಕೊಳ್ಳುತ್ತಾನೆ. "ನನಗೆ ಮೆಟ್ಟಿಲು ಸಮಸ್ಯೆ ಅಲ್ಲಣ್ಣ, ನಿಮ್ಮ ನೋಟಿಸು ಸಮಸ್ಯೆ" ಅಂದ. ಗ್ರಾಮಸಭೆ ತಿಳಿವಳಿಕೆ ಪತ್ರವನ್ನು ಪಂಚಾಯಿತಿಯವರು ಫೋಟೊ ಹೊಡೆದು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. ಅವನ ಫೋನು "ಚಿತ್ರ" ಅಂತ ಹೇಳಿ ಸುಮ್ಮನಾಗುತ್ತದೆ. ಫೈಲನ್ನೇ ಕೊಡಿ ಅಂತ ಇಸಿದುಕೊಂಡರೆ ಅದು ‘ನುಡಿ’ ಅನ್ನುವ ಕನ್ನಡ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪ್ ಮಾಡಿದ್ದು. ನಮ್ಮ ಕಣ್ಣಿಗೆ ಕನ್ನಡ ಅಕ್ಷರ, ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ಅದನ್ನೇ ಓದುತ್ತದೆ. ಅವನು ಒಮ್ಮೆ ಜೋರಾಗಿ ಕೇಳಿಸಿದ. ಎಲ್ಲರೂ ನಕ್ಕರು. ಆಪರೇಟರ್ ನಗಲಿಲ್ಲ, ಯಾಕೆಂದರೆ ಟೈಪ್ ಮಾಡಿದ್ದು ಅವನೇ. ಈಗ ಫೋನು ಕನ್ನಡವನ್ನು ಕನ್ನಡವಾಗಿಯೇ ಓದುವ ಯುನಿಕೋಡಿನಲ್ಲಿ ಟೈಪ್ ಮಾಡಿ ಸಂದೇಶವಾಗಿಯೇ ಕಳಿಸುತ್ತಾನೆ. ತಾಲ್ಲೂಕು, ಜಿಲ್ಲೆಯಿಂದ ಸ್ಕ್ಯಾನ್ ಆಗಿ ಬರುವ ಸುತ್ತೋಲೆಗಳಿಗೆ ಮಾತ್ರ ನಮ್ಮ ಹತ್ತಿರ ಮದ್ದಿಲ್ಲ.

ಕಿವಿ ಕೇಳದ ಗಂಡಹೆಂಡತಿ ಇಬ್ಬರಿದ್ದಾರೆ. ಹೆಸರು ಕೂಗಿದರೆ ಅವರಿಗೆ ಗೊತ್ತಾಗದು. ಸರದಿ ತಪ್ಪಿ ಸಂಜೆವರೆಗೆ ಕೂತದ್ದುಂಟು. ಈಗ ಮಕ್ಕಳ ಸ್ಲೇಟಿನ ಮೇಲೆ ನಂಬರ್ ಬರೆದು ಎತ್ತಿ ಹಿಡಿಯುತ್ತಾರೆ. ಅಷ್ಟೇ.

ಆಗದೆ ಉಳಿದದ್ದು

ಕಚೇರಿಯ ಹಿಂದೆ ಶೌಚಾಲಯವಿದೆ. ಬಾಗಿಲ ಮೇಲೆ ಗಾಲಿಕುರ್ಚಿಯ ಚಿತ್ರ, "ವಿಕಲಚೇತನರಿಗೆ" ಅಂತ ಬೋರ್ಡು. ಒಳಗೆ ಬ್ಲೀಚಿಂಗ್ ಪೌಡರಿನ ಮೂಟೆ, ಸುಟ್ಟ ಮೋಟಾರು, ಟ್ಯೂಬ್‌ಲೈಟು. ಕೀಲಿ ನೀರುಗಂಟಿಯ ಸೊಂಟದಲ್ಲಿ. ಮೂರು ಸಲ ಖಾಲಿ ಮಾಡಿಸಿದ್ದೇವೆ, ಮೂರು ಸಲವೂ ತುಂಬಿದೆ. ಸಾಮಾನು ಇಡಲು ಬೇರೆ ಕೋಣೆ ಇಲ್ಲ ಅನ್ನುವುದೂ ನಿಜ. ಅಕ್ಕ ಪಂಚಾಯಿತಿಗೆ ಬರುವ ದಿನ ಬೆಳಿಗ್ಗೆಯಿಂದ ನೀರು ಕುಡಿಯುವುದಿಲ್ಲ. ಬೆನ್ನುಹುರಿಗೆ ಪೆಟ್ಟಾದವರು ನೀರು ಬಿಟ್ಟರೆ ಮೂತ್ರದ ಸೋಂಕು ಬೇಗ ಹಿಡಿಯುತ್ತದೆ. ಇದನ್ನು ಸಭೆಯಲ್ಲಿ ಹೇಳಲು ನನಗೆ ನಾಚಿಕೆ ಆಯಿತು. ಹೇಳಬೇಕಿತ್ತು.

ಗೇಟಿನಿಂದ ರ‍್ಯಾಂಪಿನವರೆಗೆ ಹಾಕಿದ್ದ ಜಲ್ಲಿ ತೆಗೆದು ಸಿಮೆಂಟ್ ಹಾಕಿದ್ದಾರೆ. ಆದರೆ ರ‍್ಯಾಂಪಿನ ಬುಡದಲ್ಲಿ ಬೈಕು ನಿಲ್ಲಿಸುವುದು ನಿಂತಿಲ್ಲ. ಮುಖ್ಯರಸ್ತೆಯಿಂದ ಕಚೇರಿಗೆ ಬರುವ ದಾರಿಯಲ್ಲಿ ಚರಂಡಿಯ ಚಪ್ಪಡಿ ಮುರಿದಿದೆ, ಹಾಗಾಗಿ ಆಟೋ ಖರ್ಚು ತಪ್ಪಿಲ್ಲ. 2023ರ ವಿಧಾನಸಭೆ ಚುನಾವಣೆಯಲ್ಲಿ ಅಧಿಕಾರಿಗಳೇ ಮನೆಗೆ ಬಂದು ಅಕ್ಕನ ವೋಟು ಹಾಕಿಸಿಕೊಂಡು ಹೋದರು. ಮಿಕ್ಕ ಕೆಲಸಕ್ಕೆ ಅಕ್ಕನೇ ಹೋಗಬೇಕು. ಪಿಂಚಣಿಯ ಒಂದು ಕೆಲಸಕ್ಕೆ ಹೋಗಬೇಕಾದ ಇನ್ನೊಂದು ಕಚೇರಿ ಮೊದಲ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಅಲ್ಲೂ ಎತ್ತಲು ಜನ ಸಿದ್ಧರಿದ್ದಾರೆ.

ಹೋದ ತಿಂಗಳು ಅಕ್ಕ ಮನೆ ಕಂದಾಯ ಕಟ್ಟಲು ಬಂದಿದ್ದರು. ಯಾರಿಗೂ ಫೋನ್ ಮಾಡಿರಲಿಲ್ಲ. ಆಟೋದವರು ಕುರ್ಚಿ ಇಳಿಸಿಕೊಟ್ಟು ಹೋದರು. ತಾವೇ ಚಕ್ರ ತಳ್ಳಿಕೊಂಡು ಮೇಲೆ ಬಂದರು. ಮಧ್ಯೆ ಒಂದು ಸಲ ಉಸಿರು ತೆಗೆದುಕೊಳ್ಳಲು ಕಂಬಿ ಹಿಡಿದು ನಿಂತರು. ಬಿಲ್ ಕಲೆಕ್ಟರ್ ಕೈ ಚಾಚಿದಾಗ ಬೇಡ ಅಂದರು. ಸರದಿಯಲ್ಲಿ ಏಳನೆಯವರು. ಅವರ ಸರದಿ ಬಂದಾಗ ಆಪರೇಟರ್, "ಅಕ್ಕಾ, ಸರ್ವರ್ ಡೌನು, ನಾಳೆ ಬನ್ನಿ" ಅಂದ.

"ನಿಮ್ಮ ಸರ್ವರಿಗಿಷ್ಟು ಬೆಂಕಿ ಹಾಕ" ಅಂತ ಬೈದುಕೊಳ್ಳುತ್ತ ಅಕ್ಕ ಕುರ್ಚಿ ತಿರುಗಿಸಿದರು. ಹಿಂದೆ ನಿಂತಿದ್ದವರೂ ಅದನ್ನೇ ಬೈಯುತ್ತ ಅವರ ಜೊತೆ ರ‍್ಯಾಂಪ್ ಇಳಿದು ಹೋದರು.